ಪಾರ್ಲರ್ ಅಕ್ಕನ ರೇಷ್ಮೆ ನೀರು

ಪಾರ್ಲರ್ ಅಕ್ಕನ ಹತ್ತೂ ಬೆರಳುಗಳ ತುದಿಯಲ್ಲಿ ಗೆರೆಗಳಿರಲಿಲ್ಲ. ಬಚ್ಚಲಲ್ಲಿ ನೆನೆದು ಸವೆದ ಸೋಪಿನ ಚೂರಿನ ಹಾಗೆ ನುಣ್ಣಗಿದ್ದವು. ಉಗುರಿನ ಬುಡದಲ್ಲಿ ಮಾತ್ರ ಹಳೆಯ ಸೀಳುಗಳ ಕಪ್ಪು ಗುರುತು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಪ್ರತಿ ತಿಂಗಳೂ ನಾಲ್ಕೈದು ಸಲ ಒತ್ತಿ, ಸೆರಗಿಗೆ ಒರೆಸಿ ಮತ್ತೆ ಒತ್ತಿ, ಕೊನೆಗೆ ಇನ್ನೊಂದು ಯಂತ್ರದ ಮುಂದೆ ಕಣ್ಣು ಅಗಲಿಸಿ ನಿಂತು ಅಕ್ಕಿ ತರುತ್ತಿದ್ದರು. ದೇವನಹಳ್ಳಿ ಆಚೆಯ ವಿಜಯಪುರದಲ್ಲಿ, ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಕಡೆ, ಹದಿಮೂರನೇ ವಯಸ್ಸಿನಿಂದ ಮದುವೆಯಾಗುವವರೆಗೂ ತಾಯಿಯ ಪಕ್ಕ ಕೂತು ಕುದಿನೀರಿಗೆ ಕೈ ಅದ್ದಿ ಎಳೆ ಹುಡುಕಿದ ಬೆರಳುಗಳು ಅವು. ಅವಕ್ಕೆ ಬಿಸಿ ತಿಳಿಯುತ್ತಿರಲಿಲ್ಲ. ನಮ್ಮ ತಲೆಗೆ ನೀರು ಹಾಕುವ ಮೊದಲು ಅಕ್ಕ ತಮ್ಮ ಮಣಿಕಟ್ಟಿನ ಒಳಭಾಗಕ್ಕೆ ಒಂದಿಷ್ಟು ಸುರಿದು ನೋಡಿಕೊಳ್ಳುತ್ತಿದ್ದರು.

ಅಮೃತಹಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಕಟ್ಟಡದ ಕೆಳಗಿನ ಒಂದು ಮಳಿಗೆಯೇ ಅವರ ಪಾರ್ಲರ್. ಒಂದು ಕುರ್ಚಿ, ಒಂದು ಕನ್ನಡಿ, ಹೂವಿನ ಚಿತ್ರದ ಪರದೆ, ಪರದೆಯ ಹಿಂದೆ ಕಿಟಕಿಯಿಲ್ಲದ ಸಣ್ಣ ಕೋಣೆ. ಮೊದಲ ಮಹಡಿಯಲ್ಲಿ ಓನರಮ್ಮನ ಸಂಸಾರ, ಎರಡನೆಯದರಲ್ಲಿ ನಾನೊಬ್ಬಳೇ. ಓನರಮ್ಮನದು ಅದೇ ಊರಿನ ಹಳೆಯ ಬೇಸಾಯದ ಮನೆ. ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಯಾಗಿ ವರ್ಷಗಳೇ ಕಳೆದಿದ್ದರೂ ಆಕೆ ಬೀದಿಯಲ್ಲಿ ನಡೆಯುವಾಗ ಇನ್ನೂ ಬದುವಿನ ಮೇಲೆ ನಡೆಯುವ ಠೀವಿ. ಆ ಬೀದಿಯಲ್ಲಿ ಯಾರು ಅಂಗಡಿ ಇಡಬೇಕು, ಯಾರು ಎತ್ತಬೇಕು ಎಂಬುದು ಮುಕ್ಕಾಲು ಪಾಲು ಆಕೆಯ ಹುಬ್ಬಿನಲ್ಲೇ ತೀರ್ಮಾನವಾಗುತ್ತಿತ್ತು.

ನನ್ನ ಕೂದಲಿನದು ಒಂದು ದೊಡ್ಡ ರಗಳೆ. ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಹೊರಟರೆ ಹೆಬ್ಬಾಳದ ಆಫೀಸು ಸೇರಿ ಎರಡನೇ ಕಾಫಿ ಕುಡಿಯುವ ಹೊತ್ತಿಗೆ ಬುಡದಲ್ಲಿ ಜಿಡ್ಡು ಮಿನುಗುತ್ತದೆ. ತುದಿ ಮಾತ್ರ ತೆಂಗಿನ ನಾರು. ಔಷಧ ತಯಾರಿಸುವ ಒಂದು ಕಂಪನಿಯಲ್ಲಿ ಡಬ್ಬಿಯ ಮೇಲಿನ ಬರಹ ತಿದ್ದುವುದು ನನ್ನ ಕೆಲಸ. ಊರಿಗೆಲ್ಲ ಬಳಸುವ ವಿಧಾನ ಓದಿ ಹೇಳುವ ನಾನು, ಮೊಬೈಲಿನಲ್ಲಿ ನೋಡಿ ತರಿಸಿದ ರೇಷ್ಮೆ ಪ್ರೋಟೀನಿನ ಹೇರ್ ಮಾಸ್ಕನ್ನು ಹಿಂದೆ ಮುಂದೆ ನೋಡದೆ ಬುಡದಿಂದ ತುದಿಯವರೆಗೆ ಮೆತ್ತಿಕೊಂಡು, ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಒಂದು ಗಂಟೆ ಕೂತೆ. ತೊಳೆದು ಒಣಗಿಸಿದರೆ ಕರು ನೆಕ್ಕಿದ ಹಾಗೆ ತಲೆಗೆ ಅಂಟಿಕೊಂಡಿತ್ತು. ಎರಡು ದಿನ ಉಜ್ಜಿದರೂ ಹೋಗದೆ, ಶನಿವಾರ ದುಪಟ್ಟಾ ಹೊದ್ದು ಕೆಳಗಿಳಿದೆ.

ಅಕ್ಕ ದುಪಟ್ಟಾ ಸರಿಸಿ ನೋಡಿದರು. "ಏನ್ ಮೇಡಂ, ತಲೆಗೆ ಒಗ್ಗರಣೆ ಹಾಕ್ಕೊಂಡ್ ಬಂದಿದೀರಾ?"

"ಮಾಸ್ಕ್ ಹಾಕ್ದೆ ಅಕ್ಕ. ಸಿಲ್ಕ್ ಪ್ರೋಟೀನ್."

"ಎಲ್ಲಿಗ್ ಹಾಕಿದ್ರಿ?"

"ತಲೆಗೆ."

"ತಲೇಲಿ ಎಲ್ಲಿಗೆ?"

ನಾನು ನಡುನೆತ್ತಿ ಮುಟ್ಟಿ ತೋರಿಸಿದೆ.

"ಬುಡಕ್ ಯಾರಾದ್ರೂ ಹಾಕ್ತಾರಾ? ನಿಮ್ ಬುಡದಲ್ಲಿ ಆಗ್ಲೇ ಗಾಣ ತಿರುಗ್ತಾ ಐತೆ. ಅದು ಉಂಡು ತೇಗ್ತಾ ಐತೆ, ಅದಕ್ಕೇ ಇನ್ನೂ ಬಡಿಸಿದ್ರೆ ಏನಾಯ್ತದೆ? ಹಸ್ಕೊಂಡಿರೋದು ತುದಿ. ಹಸ್ದೋರಿಗ್ ಬಡಿಸ್ಬೇಕು ಮೇಡಂ."

ಅವತ್ತು ಅವರು ಕಲಿಸಿದ ಕ್ರಮವನ್ನೇ ಇವತ್ತಿಗೂ ಪಾಲಿಸುತ್ತೇನೆ. ಮೊದಲು ಬುಡವನ್ನು ಶಾಂಪೂವಿನಲ್ಲಿ ಎರಡು ಸಲ ತೊಳೆಯಬೇಕು, ಉಗುರು ತಾಗಿಸಬಾರದು. ನೀರು ಹಿಂಡಿ, ಟವೆಲಿನಲ್ಲಿ ಒತ್ತಬೇಕು, ಉಜ್ಜಬಾರದು. ನೆಲ್ಲಿಕಾಯಿಯಷ್ಟು ಮಾಸ್ಕನ್ನು ಎರಡು ಅಂಗೈಯಲ್ಲಿ ಹರಡಿಕೊಂಡು ತುದಿಯಿಂದ ಶುರು ಮಾಡಿ ಮೇಲೆ ಬರಬೇಕು, ಕಿವಿಯ ಹತ್ತಿರ ಬಂದ ಕೂಡಲೇ ಕೈ ನಿಲ್ಲಬೇಕು. ಹತ್ತು ನಿಮಿಷ ಸಾಕು. ಹದಿನೈದು ದಿನಕ್ಕೊಂದು ಸಲ ಸಾಕು. ಇದನ್ನೆಲ್ಲ ಅವರು ನನ್ನ ತಲೆಗೆ ಮಾಡುತ್ತಲೇ ಹೇಳಿದರು. ಕೈ ಕಿವಿಯ ಹತ್ತಿರ ಬಂದು ನಿಂತಾಗಲೆಲ್ಲ "ಇಲ್ಲಿಗೆ ಗಡಿ" ಅನ್ನುತ್ತಿದ್ದರು.

ನಾಲ್ಕು ವರ್ಷ ನಾನು ಅವರ ಗಿರಾಕಿಯಾಗಿದ್ದೆ. ಅಕ್ಕನಿಗೆ ಕೆಲವು ಹಟಗಳಿದ್ದವು. ಮಂಗಳವಾರ ಬಾಗಿಲು ತೆರೆಯುತ್ತಿರಲಿಲ್ಲ. ಆ ದಿನ ಕೂದಲು ಕತ್ತರಿಸುವವರು ಬರುವುದೂ ಇಲ್ಲ. ಒಬ್ಬರ ಮನೆಯ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ. ಯಾರಾದರೂ ಕೆದಕಿದರೆ ಹೇರ್ ಡ್ರೈಯರ್ ಜೋರು ಮಾಡುತ್ತಿದ್ದರು. ಕುರ್ಚಿಯಲ್ಲಿ ಕೂತವರ ಜಡೆಯನ್ನು ಮೊದಲು ಅಂಗೈಯಲ್ಲಿ ಎತ್ತಿ ಹಿಡಿದು, ಗೂಡಿನ ಮಾರುಕಟ್ಟೆಯಲ್ಲಿ ತೂಕ ನೋಡುವ ಹಾಗೆ ಸ್ವಲ್ಪ ಆಡಿಸಿ, ಆಮೇಲೆ ಮಾತು. "ಈಚೆಗೆ ಸರ್ಯಾಗ್ ಊಟ ಮಾಡ್ತಿಲ್ಲ ನೀವು" ಎಂದು ನನಗೆ ಎಷ್ಟೋ ಸಲ ಅಂದಿದ್ದಾರೆ, ಮತ್ತು ಅದು ಪ್ರತಿ ಸಲವೂ ನಿಜವಾಗಿತ್ತು. ನನ್ನ ತಲೆ ಮುಟ್ಟಿ ನನ್ನ ಯೋಗಕ್ಷೇಮ ಕೇಳಿದವರು ಈ ಊರಲ್ಲಿ ಅವರೊಬ್ಬರೇ. ಗಂಡ ಲಾರಿ ಓಡಿಸುತ್ತಾ ವರ್ಷಕ್ಕೆ ಎರಡು ಸಲ ಬಂದು ಹೋಗುತ್ತಿದ್ದರು. ಒಬ್ಬಳೇ ಮಗಳನ್ನು ಚಿಕ್ಕಜಾಲಕ್ಕೆ ಕೊಟ್ಟಿದ್ದರು. ಉಳಿದ ಬದುಕೆಲ್ಲ ಆ ಒಂದು ಕುರ್ಚಿಯ ಸುತ್ತ.

ಐದನೆಯ ಬೇಸಿಗೆಯಲ್ಲಿ ಸಹಕಾರನಗರದ ಕಡೆಗೆ ಹೋಗುವ ರಸ್ತೆಯಲ್ಲಿ ಗಾಜಿನ ಗೋಡೆಯ ಒಂದು ಸಲೂನ್ ತೆರೆಯಿತು. ಒಳಗೆ ಎಂಟು ಕುರ್ಚಿ, ಬಾಗಿಲಲ್ಲಿ ರೇಷ್ಮೆ ಪ್ರೋಟೀನ್ ಚಿಕಿತ್ಸೆಯ ಆಳೆತ್ತರದ ಫಲಕ. ಅಕ್ಕನ ಗಿರಾಕಿಗಳು ಒಬ್ಬೊಬ್ಬರೇ ಅತ್ತ ಸರಿದರು. ಹೋದವರು ಅಂಗಡಿಯ ಮುಂದೆ ಹಾದು ಬರುವಾಗ ಮೊಬೈಲು ನೋಡಿಕೊಂಡು ನಡೆಯುತ್ತಿದ್ದರು. "ಇನ್ನೊಂದ್ ವರ್ಷ ಇಂಗೇ ಆದ್ರೆ ಅಂಗಡಿ ನಿಲ್ಲಲ್ಲ ಮೇಡಂ" ಎಂದರು ಅಕ್ಕ. ಮನಸ್ಸು ಕೆಟ್ಟಾಗ ಅವರ ಬಾಯಲ್ಲಿ ಊರಿನ ಮಾತು ಇನ್ನಷ್ಟು ನುಸುಳುತ್ತಿತ್ತು.

ಒಂದು ಭಾನುವಾರ ಅವರು ಸಗಟು ಅಂಗಡಿಯಿಂದ ತಂದ ಒಂದು ಮಾಸ್ಕಿನ ಡಬ್ಬಿಯನ್ನು ನನ್ನ ಮಡಿಲಲ್ಲಿ ಇಟ್ಟರು. "ನೀವು ಔಷಧಿ ಚೀಟಿ ಓದೋರು. ಇದ್ರಲ್ಲಿ ರೇಷ್ಮೆ ಅಂತ ಏನ್ ಹಾಕಿರ್ತಾರೆ, ಸ್ವಲ್ಪ ಓದಿ ಹೇಳಿ."

ಓದಿದೆ. ಹೇಳುವ ಉಮೇದು ಬಂತು. "ಗೂಡು ಬೇಯಿಸಿದಾಗ ನೀರು ಅಂಟಂಟಾಗತ್ತಲ್ಲ ಅಕ್ಕ, ಆ ಅಂಟೇ ಇದು. ಅದಕ್ಕೇ ಪ್ರೋಟೀನ್ ಅನ್ನೋದು."

ಅಕ್ಕನ ಕೈಯಲ್ಲಿದ್ದ ಬಾಚಣಿಗೆ ನಿಂತಿತು. "ನಾವ್ ಮೋರಿಗ್ ಚೆಲ್ತಿದ್ವಲ್ಲಾ, ಆ ನೀರಾ?"

"ಹೌದು. ಅದೇ."

ಅದೇ ಅಲ್ಲ. ಆ ಮೋರಿ ನೀರಿಗೂ ಈ ಡಬ್ಬಿಗೂ ನಡುವೆ ಕಾರ್ಖಾನೆಯಲ್ಲಿ ಎಷ್ಟೋ ಶುದ್ಧಿ, ಎಷ್ಟೋ ಸೋಸಾಟ, ವಾಸನೆ ತೆಗೆಯುವ ಕೆಲಸ ಇರುತ್ತದೆ. ಅದನ್ನು ತಿಳಿದಿರುವುದಕ್ಕೇ ನನಗೆ ಸಂಬಳ. ಆದರೆ ಎರಡೇ ಮಾತಿನ ಉತ್ತರ ಅಷ್ಟು ಚೆನ್ನಾಗಿ ಕೂತಿತ್ತು, ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ಅಕ್ಕ ಬಾಚಿದ್ದ ಎಳೆಯನ್ನೇ ಮತ್ತೆ ಮತ್ತೆ ಬಾಚಿದರು.

ಮುಂದಿನ ಮಂಗಳವಾರ ವಿಜಯಪುರಕ್ಕೆ ಹೋಗಿ ಅಣ್ಣನ ಹತ್ತಿರ ಒಂದು ಚೀಲ ಗೂಡು ತಂದರು. ಪರದೆಯ ಹಿಂದಿನ ಕೋಣೆಯಲ್ಲಿ ಒಲೆ ಹೂಡಿದರು. ಗೂಡು ಬೇಯಿಸಿ, ಹಳೆಯ ಪಂಚೆಯಲ್ಲಿ ಮೂರು ಸಲ ಸೋಸಿ, ಲಾವಂಚದ ಬೇರು, ಗುಲಾಬಿ ಎಸಳು ಹಾಕಿ ಆರಿಸಿದರು. ಒಂದು ತಿಂಗಳು ತಮ್ಮ ಜಡೆಗೆ ಹಚ್ಚಿ ನೋಡಿಕೊಂಡು, ಆಮೇಲೆ ನನ್ನದಕ್ಕೆ. ಕಿವಿಯ ಹತ್ತಿರ ಗಡಿ, ಬುಡಕ್ಕೆ ಒಂದು ಹನಿಯೂ ಇಲ್ಲ, ಹತ್ತು ನಿಮಿಷಕ್ಕೆ ತಣ್ಣೀರು. ನನ್ನ ತುದಿಗೂದಲಲ್ಲಿ ಬಾಚಣಿಗೆ ತಡೆಯಿಲ್ಲದೆ ಇಳಿದದ್ದು ಅದೇ ಮೊದಲು. ಆಫೀಸಿನಲ್ಲಿ ಮೂವರು ಕೇಳಿದರು, ಮೂವರಿಗೂ ಬೀಗುತ್ತಾ ಹೇಳಿದೆ.

"ಹಾಲಿಗಿಂತ ಬೇಗ ಕೆಡತ್ತೆ ಮೇಡಂ ಇದು" ಎಂದು ಅಕ್ಕ ಪ್ರತಿ ಸಲವೂ ಹೊಸದಾಗಿ ಬೇಯಿಸುತ್ತಿದ್ದರು. ನೆಂಟರಿಷ್ಟರಿಗೆ ತಿಳಿದು, ಬೀದಿಗೆ ತಿಳಿದು, ಬಿಟ್ಟು ಹೋಗಿದ್ದವರೂ ತಿರುಗಿ ಬಂದರು. ಮಳೆಗಾಲದ ಹೊತ್ತಿಗೆ ಶನಿವಾರ ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಕಾಯುವವರಿರುತ್ತಿದ್ದರು. ಆ ದಿನಗಳಲ್ಲಿ ಅಕ್ಕನ ಮುಖದಲ್ಲಿ ಒಂದು ಬಗೆಯ ಗೆಲುವಿತ್ತು. ಜೊತೆಗೆ ಕೆಮ್ಮೂ ಶುರುವಾಗಿತ್ತು. ನೂಲು ಬಿಚ್ಚುವ ಕಾಲದಲ್ಲಿ ಹಬೆ ಕುಡಿದು ಬಂದಿದ್ದ ಉಬ್ಬಸ, ಮದುವೆಯಾಗಿ ಬಂದ ಮೇಲೆ ಬಿಟ್ಟಿತ್ತಂತೆ. "ಹಳೇ ನೆಂಟ ಬಂದವ್ನೆ, ಎರಡ್ ದಿನ ಇದ್ದು ಹೋಯ್ತಾನೆ" ಎಂದು ನಗುತ್ತಿದ್ದರು. ಕಿಟಕಿಯಿಲ್ಲದ ಆ ಕೋಣೆಯ ಬಗ್ಗೆ ನಾನೊಂದು ಮಾತೂ ಹೇಳಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಓನರಮ್ಮ ತಮ್ಮ ಇಬ್ಬರು ಸೊಸೆಯರನ್ನು ಕರೆದುಕೊಂಡು ಬಂದು ರೇಷ್ಮೆ ನೀರು ಹಾಕಿಸಿಕೊಂಡರು. ಆಕೆ ಆ ಕುರ್ಚಿಯಲ್ಲಿ ಕೂತದ್ದು ಅಕ್ಕನಿಗೆ ದೊಡ್ಡ ಬಿರುದು. ಮಾರನೇ ದಿನ ಸಂಜೆ ನಾನು ಕುಂಕುಮಕ್ಕೆ ಮೊದಲ ಮಹಡಿಗೆ ಹೋದಾಗ ನಡುಮನೆಯ ತುಂಬ ಹೆಂಗಸರು. ಕಳಶಕ್ಕೆ ಹಸಿರು ರೇಷ್ಮೆ ಸೀರೆ ಉಡಿಸಿದ್ದರು. ಕಿರಿಯ ಸೊಸೆಯ ಕೂದಲನ್ನು ಎಲ್ಲರೂ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಯಾರೋ ನನ್ನನ್ನು ಕೇಳಿದರು, "ನೀವ್ ಓದಿರೋರಲ್ವಾ, ಏನಿರತ್ತೆ ಆ ನೀರಲ್ಲಿ?"

ನನಗೆ ಅಷ್ಟೇ ಬೇಕಿತ್ತು. ಕೋಸಂಬರಿಯ ತಟ್ಟೆ ಹಿಡಿದುಕೊಂಡೇ ಗೂಡು, ಅಂಟು, ಪ್ರೋಟೀನು ಎಲ್ಲ ವಿವರಿಸಿದೆ. ಒಬ್ಬರು, "ಹುಳ ತೆಗೆದ್ಬಿಟ್ಟು ಬೇಯ್ಸೋದು ಅಲ್ವಾ?" ಎಂದರು.

"ಇಲ್ಲ ಆಂಟಿ, ಹುಳ ಒಳಗಿದ್ದ ಹಾಗೇ ಬೇಯಿಸೋದು. ರೇಷ್ಮೆ ತೆಗೆಯೋದೇ ಹಾಗೆ."

ಮಾತು ಬಾಯಿಂದ ಬಿದ್ದ ಮೇಲೆಯೇ ಅದು ಎಲ್ಲಿ ಬಿತ್ತು ಎಂದು ನನಗೆ ತಿಳಿದದ್ದು. ಕಿರಿಯ ಸೊಸೆಯ ಕೂದಲ ಮೇಲಿದ್ದ ಕೈಗಳು ಹಿಂದೆ ಸರಿದವು. ಓನರಮ್ಮ ಅರಿಶಿನ ಕುಂಕುಮದ ತಟ್ಟೆಯನ್ನು ಕೆಳಗಿಟ್ಟರು. "ಅಂದ್ರೆ ಉಳ ಬೇಯ್ಸಿದ್ ನೀರು. ಅದ್ನ ತಲೆಗಾಕ್ಕಂಡು ನಾವ್ ಕಳಸ ಮುಟ್ಟಿದ್ದು."

ಕಳಶದ ಮೇಲಿದ್ದ ಸೀರೆಯನ್ನಾಗಲಿ, ಅಲ್ಲಿದ್ದ ಅಷ್ಟೂ ಜನ ಉಟ್ಟಿದ್ದ ರೇಷ್ಮೆ ಸೀರೆಗಳನ್ನಾಗಲಿ ಯಾರೂ ನೆನೆಯಲಿಲ್ಲ. ನನಗೆ ನೆನಪಾಯಿತು, ಆದರೆ ಹೇಳಲಿಲ್ಲ. ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿ ನಿಂತಿದ್ದರು. ಹೊರಗೆ ಚಪ್ಪಲಿ ಬಿಟ್ಟು, ಮುಡಿದ ಮಲ್ಲಿಗೆ ಸರಿ ಮಾಡಿಕೊಳ್ಳುತ್ತಾ, ಮುಖದ ತುಂಬ ನಗು.

"ಏನೇ, ಉಳ ಬೇಯ್ಸಿದ್ ನೀರೇನೇ ಅದು?" ಎಂದರು ಓನರಮ್ಮ.

ಅಕ್ಕ ಅದನ್ನು ಬರೀ ಪ್ರಶ್ನೆ ಎಂದುಕೊಂಡರು. "ಹೂಂ ಅಮ್ಮ, ಗೂಡು ಬೇಯ್ಸಿದ್ದು. ನಾನೇ ಮೂರ್ ಸಲ ಸೋಸಿದೀನಿ." ಆಮೇಲೆ ಎಲ್ಲರ ಮುಖ ನೋಡಿದರು. ನಗು ಹಾಗೇ ಇಳಿಯಿತು. "ತಲೆಗ್ ಮುಟ್ಸಿಲ್ಲ ಅಮ್ಮ. ಬುಡಕ್ ಒಂದ್ ಹನೀನೂ ಹಾಕಿಲ್ಲ. ತುದಿಗಷ್ಟೇ. ನಿಮ್ ಸೊಸೇರ್ನೇ ಕೇಳಿ ಬೇಕಾದ್ರೆ."

"ಯಾರ್ ಏಳ್ಕೊಟ್ರು ನಿಂಗೆ ಇಂತದ್ನೆಲ್ಲ?" ಎಂದು ಓನರಮ್ಮ ಇಡೀ ನಡುಮನೆಯನ್ನು ಒಮ್ಮೆ ನೋಡಿದರು.

ನಾನು ಎದ್ದು ನಿಂತು 'ನಾನು' ಎನ್ನಬೇಕಿತ್ತು. ನನ್ನ ತಲೆಯಲ್ಲಿ ಓಡಿದ್ದು ಬೇರೆಯೇ. ಈ ಮನೆ ಬಿಡಿಸಿಬಿಟ್ಟರೆ? ಒಂಟಿ ಹೆಂಗಸಿಗೆ ಮನೆ ಕೊಡುವವರನ್ನು ಮತ್ತೆ ಹುಡುಕಬೇಕು. ಇಷ್ಟು ಗಾಳಿ ಬೆಳಕು, ನಡೆದರೆ ಸಿಗುವ ಬಸ್ಸು, ಮೂರು ಹೊತ್ತೂ ನೀರು. ಇಷ್ಟನ್ನು ಲೆಕ್ಕ ಹಾಕುವಷ್ಟು ಹೊತ್ತು ಹಿಡಿಯಿತು, ಅಷ್ಟರಲ್ಲಿ ಅಕ್ಕ ಉತ್ತರ ಕೊಟ್ಟಾಗಿತ್ತು.

"ಯಾರೂ ಇಲ್ಲಮ್ಮ. ನಾನೇ. ನಂದೇ ತಲೆ."

ನನ್ನ ಕಡೆ ಅವರು ಒಮ್ಮೆಯೂ ನೋಡಲಿಲ್ಲ. ನೋಡಿದ್ದಿದ್ದರೆ ನಾನು ಮಾತಾಡುತ್ತಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಓನರಮ್ಮ ತಟ್ಟೆ ಎತ್ತಿಕೊಂಡು ಪಕ್ಕದವರಿಗೆ ಕುಂಕುಮ ಕೊಡಲು ತಿರುಗಿದರು. ಮುತ್ತೈದೆಯೊಬ್ಬಳು ಹಬ್ಬದ ಶುಕ್ರವಾರ ಬಾಗಿಲಿಗೆ ಬಂದು ಕುಂಕುಮವಿಲ್ಲದೆ ಹಿಂತಿರುಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೆಟ್ಟಿಲಿಳಿಯುವಾಗ ಅವರು ಕೆಮ್ಮುತ್ತಿದ್ದದ್ದು ಮೇಲಿನವರೆಗೂ ಕೇಳಿಸಿತು.

ಮಾರನೆಯ ದಿನದಿಂದ ಅಂಗಡಿಗೆ ಯಾರೂ ಬರಲಿಲ್ಲ. ಕೆಲವರು ಅರಿಶಿನದ ನೀರಲ್ಲಿ ತಲೆ ತೊಳೆದುಕೊಂಡರಂತೆ. ಒಬ್ಬರು ಗೋಮೂತ್ರ ಚಿಮುಕಿಸಿಕೊಂಡರಂತೆ. ಶ್ರಾವಣ ಮುಗಿಯುವಷ್ಟರಲ್ಲಿ ಮಳಿಗೆ ಖಾಲಿ ಮಾಡಬೇಕೆಂದು ಓನರಮ್ಮ ಹೇಳಿ ಕಳಿಸಿದರು. ಆ ದಿನಗಳಲ್ಲಿ ನಾನು ಹಿಂದಿನ ಗೇಟಿನಿಂದ ಓಡಾಡಿದೆ. ಅಕ್ಕ ಕುರ್ಚಿ, ಕನ್ನಡಿ ಟೆಂಪೋಗೆ ಹೇರಿಸಿದ ದಿನ ನಾನು ತುಮಕೂರಿನಲ್ಲಿ ನನ್ನ ಅಮ್ಮನ ಮನೆಯಲ್ಲಿದ್ದೆ. ಹೋಗಲೇಬೇಕಾದ ಕೆಲಸವೇನೂ ಇರಲಿಲ್ಲ. ಈಗ ಆ ಮಳಿಗೆಯಲ್ಲಿ ಆನ್‌ಲೈನ್ ಪಾರ್ಸೆಲುಗಳನ್ನು ಪೇರಿಸಿಡುತ್ತಾರೆ.

ದಸರಾ ಕಳೆದ ಮೇಲೆ ಧೈರ್ಯ ಮಾಡಿ ಚಿಕ್ಕಜಾಲಕ್ಕೆ ಹೋದೆ. ಮಗಳ ಮನೆಯ ಅಂಗಳದಲ್ಲಿ ಅಕ್ಕ ಬಿಸಿಲಿಗೆ ಕೂತಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಎರಡು ಮಾತಿಗೊಮ್ಮೆ ಉಸಿರಿಗೆ ನಿಲ್ಲುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಎದ್ದು ಜಡೆಯನ್ನು ಅಂಗೈಯಲ್ಲಿ ಎತ್ತಿ ನೋಡಿ, "ಅಯ್ಯೋ, ಏನ್ ಮಾಡ್ಕೊಂಡಿದೀರಿ" ಎಂದು ಬೇಡ ಬೇಡವೆಂದರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ತಲೆ ತೊಳೆದರು. ಮಗಳು ಬಿಸಿನೀರು ತಂದು ಕೊಟ್ಟಳು. ಅಂಗಡಿಯಿಂದ ತಂದ ಡಬ್ಬಿಯ ಮಾಸ್ಕು, ನೆಲ್ಲಿಕಾಯಿಯಷ್ಟು. ಕ್ಷಮೆ ಕೇಳಲೆಂದು ಹೋದವಳು, "ಬುಡದಲ್ಲಿ ಇನ್ನೂ ಜಿಡ್ಡು ಹಾಗೇ ಇದೆ ಅಕ್ಕ" ಎಂದೆ.

ಅವರು ತುದಿಗೆ ಮಾಸ್ಕು ಸವರುತ್ತಾ ಕೇಳಿದರು, "ನೀವ್ ಅವತ್ತು ಓದಿ ಹೇಳಿದ್ದು ನಿಜಾನೇ ಅಲ್ವಾ ಮೇಡಂ?"

"ನಿಜ ಅಕ್ಕ."

"ಹಂಗಾದ್ರೆ ಸಾಕು ಬಿಡಿ. ನಮ್ಮವ್ವ ನಲವತ್ತು ವರ್ಷ ಆ ನೀರು ಚೆಲ್ಲಿದ್ಲು. ಗೊತ್ತಿದ್ದಿದ್ರೆ ಒಂದ್ ಸಲನಾದ್ರೂ ಅವಳ ತಲೆಗೆ ಹಚ್ತಿದ್ದೆ. ತುದಿಯೆಲ್ಲ ಸೀಳಿ ಸೀಳಿ ಹೋಗಿತ್ತು ಪಾಪ."

ಪೂರ್ತಿ ನಿಜವಲ್ಲ ಎಂದು ಆಗಲೂ ಹೇಳಲಾಗಲಿಲ್ಲ. ಹೇಳಿದ್ದರೆ ಅವರಿಗೆ ಉಳಿದಿದ್ದ ಅಷ್ಟೂ ಹೋಗುತ್ತಿತ್ತು ಎಂದು ಅನ್ನಿಸಿತು. ಇದೂ ನನ್ನ ಅನುಕೂಲಕ್ಕೆ ಹೊಳೆದ ಕಾರಣವೋ ಏನೋ, ಗೊತ್ತಿಲ್ಲ.

ಸಂಕ್ರಾಂತಿಗೆ ಮೊದಲು, ಚಳಿ ಜೋರಿದ್ದ ವಾರದಲ್ಲಿ, ಅಕ್ಕ ತೀರಿಕೊಂಡರು. ಮಗಳು ನನಗೆ ಫೋನ್ ಮಾಡಿದ್ದು ಎಂಟು ದಿನದ ಮೇಲೆ. ಅಕ್ಕನ ಮೊಬೈಲಿನಲ್ಲಿ ನನ್ನ ನಂಬರು 'ಓದೋ ಮೇಡಂ' ಎಂದಿತ್ತಂತೆ, ಯಾರೆಂದು ತಿಳಿಯಲು ಹೊತ್ತು ಹಿಡಿಯಿತಂತೆ. "ಎದೇಲಿ ಕಫ ಕಟ್ಟಿತ್ತು ಮೇಡಂ. ಹಬೆಯಿಂದ ಜಾಸ್ತಿಯಾಗಿದೆ ಅಂದ್ರು ಡಾಕ್ಟ್ರು" ಎಂದಳು. ಅವಳ ದನಿಯಲ್ಲಿ ಆರೋಪವಿರಲಿಲ್ಲ. ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತೆ.

ಆ ಭಾನುವಾರ ಬೆಳಿಗ್ಗೆ ಮೊದಲ ಮಹಡಿಗೆ ಹೋದೆ. ಓನರಮ್ಮ ನೆನೆಹಾಕಿದ ಅವರೆಕಾಳಿನ ಬುಟ್ಟಿ ಮುಂದಿಟ್ಟುಕೊಂಡು ಒಬ್ಬರೇ ಕೂತು ಬೇಳೆ ಹಿಸುಕುತ್ತಿದ್ದರು. ನಾನೂ ಎದುರಿಗೆ ಕೂತು ಒಂದು ಹಿಡಿ ಎತ್ತಿಕೊಂಡೆ. ಅಕ್ಕ ಹೋದ ಸುದ್ದಿ ಹೇಳಿದೆ. ಆಕೆಯ ಕೈ ನಿಂತಿತು. "ಸಿವನೇ" ಎಂದರು, ಆಮೇಲೆ ಕೈ ಮತ್ತೆ ಆಡತೊಡಗಿತು.

"ಆಂಟಿ, ಆ ನೀರು ಮಾಡೋಕೆ ಹೇಳಿಕೊಟ್ಟಿದ್ದು ನಾನು" ಎಂದೆ. "ಅವರಿಗೆ ಏನೂ ಗೊತ್ತಿರಲಿಲ್ಲ. ಡಬ್ಬಿ ಓದಿ ಹೇಳಿದ್ದು ನಾನೇ."

"ಗೊತ್ತು ಕಣಮ್ಮ."

ನಾನು ತಲೆಯೆತ್ತಿದೆ.

"ನೀರು ಮಾಡಕ್ ಸುರು ಮಾಡ್ದಾಗ್ಲೇ ಏಳಿದ್ಲಲ್ಲ, ಮ್ಯಾಗಿನ್ ಮೇಡಂ ಓದಿ ಏಳ್ಕೊಟ್ರು ಅಂತ. ಬೀದಿಗೆಲ್ಲ ಅದ್ನೇ ಏಳ್ಕಂಡ್ ತಿರುಗ್ತಿದ್ಲು, ನಿನ್ ಮ್ಯಾಲೆ ಅಷ್ಟ್ ಅಭಿಮಾನ ಅವಳಿಗೆ. ಅವತ್ತು ಯಾರ್ ಏಳ್ಕೊಟ್ರು ಅಂತ ಕೇಳ್ದಾಗ ನೀನ್ ಬಾಯ್ ಬಿಡ್ತೀಯೇನೋ ಅಂತ ನೋಡ್ದೆ. ಓದಿರೋಳ್ ಒಂದ್ ಮಾತ್ ಆಡಿದ್ರೆ ಆ ಎಂಗಸ್ರೆಲ್ಲ ಸುಮ್ಕಾಗೋರು. ನಾನೂ ಸುಮ್ಕಾಗ್ತಿದ್ದೆ."

ಒಂದು ಕಾಳು ಹಿಸುಕಿ ಬೇಳೆಯನ್ನು ತಟ್ಟೆಗೆ, ಸಿಪ್ಪೆಯನ್ನು ಇತ್ತ ಹಾಕಿದರು.

"ಅವಳ್ನ ಆಚೆ ಆಕಿದ್ದು ನಾನೇ. ಇಲ್ಲ ಅನ್ನಲ್ಲ. ಆದ್ರೆ ನಾನೊಬ್ಳೇ ಆಕ್ಲಿಲ್ಲ ಕಣಮ್ಮ."

ನಾನು ಬುಟ್ಟಿಗೆ ಕೈ ಹಾಕಿ ಇನ್ನೊಂದು ಹಿಡಿ ಕಾಳು ಎತ್ತಿಕೊಂಡೆ.